ಪಹಣಿ, ಹತ್ತಿ ಹೂ ಮತ್ತು 13 ತಿಂಗಳು: ನನಗೆ ಕೃಷಿ ಬಿಎಸ್ಸಿ ಸೀಟು ಸಿಕ್ಕಿದ್ದು ಹೀಗೆ

ಕಳೆದ ಸೋಮವಾರ ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ನನ್ನ ಅಡ್ಮಿಷನ್ ಮುಗಿಯಿತು. ಬಿಎಸ್ಸಿ ಕೃಷಿ, 4 ವರ್ಷದ ಕೋರ್ಸು. ಹಾಸ್ಟೆಲ್ ರೂಮಿನಲ್ಲಿ ಮಂಚದ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಪಕ್ಕದಲ್ಲಿ ನೀಲಿ ಫೈಲ್ ಇದೆ. ಕ್ಲಿಪ್ಪು ಕಿತ್ತುಹೋಗಿದೆ, ರಬ್ಬರ್ ಬ್ಯಾಂಡ್ ಹಾಕಿದ್ದೇನೆ. 13 ತಿಂಗಳು ನಾನು ಮತ್ತು ಅವ್ವ ಈ ಫೈಲ್ ಹಿಡಿದುಕೊಂಡು ಅಲೆದಿದ್ದೇವೆ. ನಮ್ಮ ಹಾಗೆ ಗುಳೆ ಹೋಗುವ ಮನೆಗಳಲ್ಲಿ ಈಗ ಪಿಯುಸಿ ಓದುತ್ತಿರುವ ಮಕ್ಕಳು ಎಷ್ಟೋ ಜನ ಇದ್ದಾರೆ. ಅವರಾದರೂ ನಮ್ಮಷ್ಟು ಅಲೆಯದಿರಲಿ ಅಂತ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ನಮ್ಮದು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ನಮ್ಮ ಊರಿನ ಎಷ್ಟೋ ಹೊಲಗಳಿಗೆ ಬರುತ್ತದೆ, ನಮ್ಮ ಹೊಲಕ್ಕೆ ಬರುವುದಿಲ್ಲ. ನಮಗಿರುವುದು 2 ಎಕರೆ ಒಣಬೇಸಾಯ, ಅದೂ ಅಪ್ಪ, ಚಿಕ್ಕಪ್ಪ, ಅತ್ತೆ ಮೂವರ ಪಾಲು ಸೇರಿ. ಮಳೆ ಬಂದ ವರ್ಷ ಹತ್ತಿ, ತೊಗರಿ. ಬಾರದ ವರ್ಷ ಬೆಂಗಳೂರು. ಅಪ್ಪ ಅಲ್ಲಿ ಕಟ್ಟಡ ಕೆಲಸ ಮಾಡುತ್ತಾರೆ. ಮೊದಲು ಅವ್ವನೂ ಜೊತೆಗೆ ಹೋಗುತ್ತಿದ್ದಳು, ನಾನು ಊರಲ್ಲಿ ಅಜ್ಜಿ ಹತ್ತಿರ ಇರುತ್ತಿದ್ದೆ. ಒಂದು ವರ್ಷ ಅಜ್ಜಿಗೆ ಹುಷಾರಿರಲಿಲ್ಲ. ಆಗ ನನ್ನನ್ನೂ ಬೆಂಗಳೂರಿಗೆ ಕರೆದುಕೊಂಡು ಹೋದರು. ತಗಡಿನ ಶೆಡ್ಡಿನಲ್ಲಿ ಇದ್ದುಕೊಂಡು, ಹತ್ತಿರದ ಸರ್ಕಾರಿ ಶಾಲೆಯಲ್ಲಿ 4ನೇ ತರಗತಿ ಓದಿದೆ. ಈ ಒಂದು ವರ್ಷದ ಮಾತು ಮುಂದೆ ಮತ್ತೆ ಬರುತ್ತದೆ.

ಇನ್ನೊಂದು ವಿಷಯ ಮೊದಲೇ ಹೇಳಬೇಕು. ನಾನು 10 ವರ್ಷದವಳಿದ್ದಾಗಿನಿಂದ ಹತ್ತಿ ಕ್ರಾಸಿಂಗ್ ಕೆಲಸಕ್ಕೆ ಹೋಗಿದ್ದೇನೆ. ನಮ್ಮ ಕಡೆ ಹೈಬ್ರಿಡ್ ಹತ್ತಿ ಬೀಜ ಮಾಡುವ ಹೊಲಗಳಿವೆ. ಮಧ್ಯಾಹ್ನ ಮೇಲೆ ಹೋಗಿ, ಮರುದಿನ ಅರಳುವ ಮೊಗ್ಗನ್ನು ಹುಡುಕಬೇಕು. ಹೆಬ್ಬೆರಳಿನ ಉಗುರನ್ನು ಮೊಗ್ಗಿನ ಬುಡಕ್ಕೆ ಸುತ್ತಲೂ ಒತ್ತಿ, ಮೆಲ್ಲಗೆ ತಿರುಗಿಸಿ ಎಳೆಯಬೇಕು. ಹಳದಿ ಎಸಳು, ಅದರ ಜೊತೆಗೆ ಪುಡಿ ಇರುವ ಕೇಸರ ಎಲ್ಲಾ ಒಟ್ಟಿಗೆ ಬರಬೇಕು. ನಡುವಿನ ಕಡ್ಡಿ ಮಾತ್ರ ಉಳಿಯಬೇಕು, ಅದಕ್ಕೆ ಉಗುರು ತಾಗಬಾರದು. ತಾಗಿದರೆ ಕಾಯಿ ಕಟ್ಟುವುದಿಲ್ಲ. ಮೇಲೆ ಕೆಂಪು ಕಾಗದ ಸಿಕ್ಕಿಸಿ ಬರಬೇಕು. ಮರುದಿನ ಬೆಳಗ್ಗೆ ಗಂಡು ಹೂ ತಂದು ಆ ಕಡ್ಡಿಗೆ ಸವರಿ ದಾರ ಕಟ್ಟಬೇಕು. ದಿನಕ್ಕೆ 80 ರೂಪಾಯಿ ಕೊಡುತ್ತಿದ್ದರು. ಮಕ್ಕಳ ಬೆರಳು ಸಣ್ಣದು, ಮಕ್ಕಳಿಗೆ ಬಗ್ಗುವುದು ಕಷ್ಟವಾಗುವುದಿಲ್ಲ ಅನ್ನುವ ಕಾರಣಕ್ಕೇ ನಮ್ಮನ್ನು ಕರೆಯುತ್ತಿದ್ದರು. ಆ ವಯಸ್ಸಿನಲ್ಲಿ ಯಾವ ಮಗುವೂ ಆ ಕೆಲಸಕ್ಕೆ ಹೋಗಬಾರದು. ಔಷಧಿ ಹೊಡೆದ ಗಿಡಗಳ ನಡುವೆ ದಿನವಿಡೀ ನಿಂತು ತಲೆನೋವು ಬಂದು ರಾತ್ರಿ ಅತ್ತಿದ್ದೇನೆ. ಆ ಕೆಲಸ ಒಳ್ಳೆಯದು ಅಂತ ಹೇಳುತ್ತಿಲ್ಲ. ಆದರೆ ಅಲ್ಲಿ ಕಲಿತದ್ದು ನನ್ನ ಬೆರಳಲ್ಲೇ ಉಳಿದುಬಿಟ್ಟಿತ್ತು.

ಎಸ್ಸೆಸ್ಸೆಲ್ಸಿ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಗೆ ರಾಯಚೂರಿನಲ್ಲಿ ಸೈನ್ಸ್ ಸೇರಿದೆ. ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ ಸಿಕ್ಕಿತು, ಊಟ ವಸತಿ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ಇಂಗ್ಲಿಷ್‌ನದು. ಮೊದಲ 6 ತಿಂಗಳು ಫಿಸಿಕ್ಸ್ ಕ್ಲಾಸಿನಲ್ಲಿ ಬೋರ್ಡ್ ಮೇಲಿನದನ್ನು ಬರೆದುಕೊಳ್ಳುತ್ತಿದ್ದೆ ಅಷ್ಟೇ, ತಲೆಗೆ ಏನೂ ಹೋಗುತ್ತಿರಲಿಲ್ಲ. ಬಿಟ್ಟು ಆರ್ಟ್ಸ್‌ಗೆ ಹೋಗಿಬಿಡೋಣ ಅಂತ ಎರಡು ಸಲ ಅರ್ಜಿ ಬರೆದು ಹರಿದಿದ್ದೇನೆ.

ಎರಡನೇ ಪಿಯುಸಿಯ ಜೂನ್‌ನಲ್ಲಿ ಬಯಾಲಜಿ ಮೇಡಂ ಹೂಬಿಡುವ ಸಸ್ಯಗಳ ಪಾಠ ಶುರು ಮಾಡಿದರು. ಒಂದು ದಿನ ಬೋರ್ಡ್ ಮೇಲೆ 'ಎಮಾಸ್ಕುಲೇಷನ್' ಅಂತ ಬರೆದು ಅರ್ಥ ಹೇಳಿದರು. ಹೂ ಅರಳುವ ಮೊದಲೇ ಗಂಡು ಭಾಗ ತೆಗೆಯುವುದು, ಆಮೇಲೆ ಚೀಲ ಮುಚ್ಚುವುದು, ಮರುದಿನ ಬೇಕಾದ ಪರಾಗ ಹಾಕುವುದು. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಇದು ನಾನು ಸಾವಿರ ಸಲ ಮಾಡಿದ ಕೆಲಸ ಅಲ್ವಾ! ಕೈ ಎತ್ತಿ, "ಮೇಡಂ, ಹತ್ತಿಯಲ್ಲಿ ಇದನ್ನ ಉಗುರಿನಿಂದ ಮಾಡ್ತಾರ್ರಿ" ಅಂದೆ. ಮರುದಿನ ಮೇಡಂ ಎಲ್ಲಿಂದಲೋ ದಾಸವಾಳದ ಮೊಗ್ಗು ತಂದು, ಎಲ್ಲರ ಮುಂದೆ ಮಾಡಿ ತೋರಿಸಲು ಹೇಳಿದರು. ಹತ್ತಿ, ದಾಸವಾಳ ಒಂದೇ ಕುಟುಂಬದ ಗಿಡಗಳು, ಹೂವಿನ ರಚನೆ ಒಂದೇ ಥರ. ನನ್ನ ಕೈ ನಡುಗಲಿಲ್ಲ. ಆ ಕ್ಲಾಸಿನಲ್ಲಿ ನಾನು ಮೊದಲ ಸಲ ಸೊಂಟ ನೆಟ್ಟಗೆ ಮಾಡಿ ಕೂತೆ.

ಕ್ಲಾಸ್ ಮುಗಿದ ಮೇಲೆ ಮೇಡಂ ಕೇಳಿದರು: "ನಿಮ್ಮ ಮನೆಯಲ್ಲಿ ಹೊಲ ಇದೆಯಾ? ಪಹಣಿ ಯಾರ ಹೆಸರಲ್ಲಿದೆ?" ಕೃಷಿಕರ ಕೋಟಾ ಅನ್ನುವುದೊಂದಿದೆ ಅಂತ ನನಗೆ ಗೊತ್ತಾಗಿದ್ದು ಆವತ್ತು. ಕೃಷಿ, ತೋಟಗಾರಿಕೆ, ಪಶುವೈದ್ಯದಂಥ ಕೋರ್ಸುಗಳಲ್ಲಿ ಒಂದು ದೊಡ್ಡ ಪಾಲು ಸೀಟುಗಳನ್ನು ರೈತರ ಮಕ್ಕಳಿಗೆ ಇಟ್ಟಿರುತ್ತಾರೆ. ಅದಕ್ಕೆ ಎಲ್ಲರಿಗೂ ಇರುವ ಪ್ರವೇಶ ಪರೀಕ್ಷೆ ಸಿಇಟಿ ಬರೆಯುವುದರ ಜೊತೆಗೆ ಬೇರೆಯಾಗಿ ಒಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಗಿಡ, ಗೊಬ್ಬರ, ಹುಳ, ಸಲಕರಣೆ ಇಟ್ಟು ಗುರುತಿಸಲು ಹೇಳುತ್ತಾರೆ. ಕೇಳುತ್ತಿದ್ದ ಹಾಗೆ ಇದು ನನಗಾಗಿಯೇ ಇಟ್ಟ ಪರೀಕ್ಷೆ ಅನ್ನಿಸಿತು. ಆದರೆ ಪರೀಕ್ಷೆಗೆ ಮೊದಲು ಕಾಗದ.

ಆಗಸ್ಟ್‌ನಲ್ಲಿ ಊರಿಗೆ ಹೋಗಿ ಪಹಣಿ ತೆಗೆಸಿದೆ. ಅದು ತಾತನ ಹೆಸರಲ್ಲೇ ಇತ್ತು. ತಾತ ತೀರಿಕೊಂಡಿದ್ದು 2009ರಲ್ಲಿ. ಪೌತಿ ಖಾತೆ ಮಾಡಿಸಬೇಕು ಅಂದರು, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸುವುದು. ಪೌತಿಗೆ ಮರಣ ಪ್ರಮಾಣ ಪತ್ರ ಬೇಕು. ತಾತನ ಸಾವನ್ನು ಯಾರೂ ನೋಂದಣಿ ಮಾಡಿಸಿರಲಿಲ್ಲ. ಆ ದಿನ ಮನೆಯಲ್ಲಿ ಮಣ್ಣಿಗೆ ಕೂಡ ಸಾಲ ತಂದಿದ್ದರಂತೆ, ಸರ್ಟಿಫಿಕೇಟ್ ಯಾರ ತಲೆಯಲ್ಲಿತ್ತು? ಸಾವಾಗಿ 1 ವರ್ಷ ದಾಟಿದ್ದರೆ ಗ್ರಾಮ ಲೆಕ್ಕಿಗರು ಸುಮ್ನೆ ಬರೆದುಕೊಡುವ ಹಾಗಿಲ್ಲ, ಮೇಲಿನಿಂದ ಆದೇಶ ತರಬೇಕು. ಅಫಿಡವಿಟ್, ಸಾಕ್ಷಿಗಳು, ನೋಟರಿ ಎಲ್ಲ ಸೇರಿ ಇದೊಂದಕ್ಕೇ ಮೂರೂವರೆ ತಿಂಗಳು ಹೋಯಿತು. ನಡುವೆ ಒಬ್ಬ ಮಧ್ಯವರ್ತಿ ಬಂದು "5,000 ಕೊಡು ತಂಗಿ, ಒಂದು ವಾರದಾಗ ಮಾಡಿಸ್ತೀನಿ" ಅಂದ. ಅವ್ವ ಕೊಡೋಣ ಅಂದಳು, ಅಷ್ಟು ಸಾಕಾಗಿತ್ತು ಅವಳಿಗೆ. ಕೊಡಲು ದುಡ್ಡು ಇರಲಿಲ್ಲ, ಹಾಗಾಗಿ ಉಳಿಯಿತು. ಆತ ಅದೇ ವಾರ ಇನ್ನೊಬ್ಬರ ಹತ್ತಿರ ಇಸಿದುಕೊಂಡು ಫೋನ್ ಎತ್ತುವುದು ಬಿಟ್ಟ ಅಂತ ಆಮೇಲೆ ಗೊತ್ತಾಯಿತು.

ನಿಮ್ಮ ಮನೆಯ ಪಹಣಿ ಯಾರ ಹೆಸರಲ್ಲಿದೆ ಅಂತ ಇವತ್ತೇ ನೋಡಿ. ಸರ್ವೆ ನಂಬರ್ ಗೊತ್ತಿದ್ದರೆ ಮೊಬೈಲ್‌ನಲ್ಲೇ ಸರ್ಕಾರದ 'ಭೂಮಿ' ತಂತ್ರಾಂಶದಲ್ಲಿ ನೋಡಬಹುದು. ತೀರಿಕೊಂಡವರ ಹೆಸರಲ್ಲಿದ್ದರೆ ಮೊದಲ ಪಿಯುಸಿಯಲ್ಲೇ ಕೆಲಸ ಶುರು ಮಾಡಿ. ನಾನು ಎರಡನೇ ಪಿಯುಸಿಯಲ್ಲಿ ಶುರು ಮಾಡಿದ್ದರಿಂದ ಓದುವ ಹೊತ್ತಿನಲ್ಲಿ ಕಚೇರಿ ಮುಂದೆ ಕೂತಿರಬೇಕಾಯಿತು.

ಮರಣ ಪತ್ರ ಬಂದ ಮೇಲೆ ವಂಶವೃಕ್ಷ. ಇದರಲ್ಲಿ ತಾತನ ಮಕ್ಕಳೆಲ್ಲರ ಹೆಸರು ಬರಬೇಕು, ಎಲ್ಲರ ಸಹಿ, ಆಧಾರ್ ಬೇಕು. ಚಿಕ್ಕಪ್ಪ ಸಹಿ ಹಾಕಲು ಒಪ್ಪಲಿಲ್ಲ. ಅಪ್ಪ ತನ್ನೊಬ್ಬನ ಹೆಸರಿಗೆ ಮಾಡಿಸಿಕೊಂಡುಬಿಡುತ್ತಾನೆ ಅಂತ ಯಾರೋ ತಲೆಗೆ ತುಂಬಿದ್ದರು. ಅಪ್ಪ ಬೆಂಗಳೂರಿನಿಂದ ಬಂದರು. ಇಬ್ಬರೂ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ರಾತ್ರಿ ಅಜ್ಜಿ ಇಬ್ಬರನ್ನೂ ಕಟ್ಟೆ ಮೇಲೆ ಕೂರಿಸಿದಳು. "ಹೊಲ ಏನು ಬೆಳೀತೈತಿ ಅಂತ ಬಡಿದಾಡ್ತೀರಿ? ಈ ಹುಡುಗಿ ಆದ್ರೂ ಬೆಳೀಲಿ" ಅಂದಳು. ನಾನು ಚಿಕ್ಕಪ್ಪನಿಗೆ ಅರ್ಜಿಯ ಒಂದೊಂದು ಸಾಲನ್ನೂ ಓದಿ ಹೇಳಿದೆ. ಮೂವರ ಹೆಸರಿಗೂ ಜಂಟಿ ಖಾತೆ ಆಗುತ್ತದೆ, ಯಾರ ಪಾಲೂ ಹೋಗುವುದಿಲ್ಲ ಅಂತ ತೋರಿಸಿದೆ. ಚಿಕ್ಕಪ್ಪನಿಗೆ ಓದಲು ಬರುವುದಿಲ್ಲ. ಅವರ ಭಯ ತಪ್ಪಲ್ಲ ಅಂತ ನನಗೆ ಆಗ ಅರ್ಥವಾಯಿತು. ಓದಲು ಬಾರದವನ ಹತ್ತಿರ ಸಹಿ ಕೇಳಿದರೆ ಹೆದರದೆ ಇನ್ನೇನು ಮಾಡುತ್ತಾನೆ? ಬೆಳಗ್ಗೆ ಎದ್ದು ಅವರೇ ಹೆಬ್ಬೆಟ್ಟು ಒತ್ತಿದರು. ಅತ್ತೆಯ ಸಹಿಗೆ ಲಿಂಗಸುಗೂರಿನ ಹತ್ತಿರ ಅವರ ಊರಿಗೆ ನಾನೇ ಹೋಗಿ ಬಂದೆ.

ಖಾತೆ ಬದಲಾಗಿ ಹೊಸ ಪಹಣಿ ಕೈಗೆ ಬಂದಾಗ ಮಾರ್ಚ್ ಮೊದಲ ವಾರ. ಪಿಯುಸಿ ಪರೀಕ್ಷೆ ಅದೇ ತಿಂಗಳು. ಆಮೇಲೂ ಒಂದು ಎಡವಟ್ಟಾಯಿತು. ನಾಡಕಚೇರಿಯಲ್ಲಿ ನಾನು 'ರೈತರ ಸರ್ಟಿಫಿಕೇಟ್' ಅಂತ ಕೇಳಿದೆ, ಅವರು ಸಣ್ಣ ಹಿಡುವಳಿದಾರರ ಪ್ರಮಾಣ ಪತ್ರ ಕೊಟ್ಟರು. ಬೇಕಾಗಿದ್ದು ವ್ಯವಸಾಯಗಾರರ ಕುಟುಂಬದ ಪ್ರಮಾಣ ಪತ್ರ. ಎರಡೂ ಬೇರೆ. ಅರ್ಜಿ ಕೊಡುವಾಗ ಬಾಯಿ ಮಾತಿನಲ್ಲಿ ಕೇಳಬೇಡಿ. ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಕದಲ್ಲಿ ಆ ಪತ್ರದ ಹೆಸರು, ನಮೂನೆ ಇರುತ್ತದೆ. ಆ ಪುಟದ ಝೆರಾಕ್ಸ್ ತೆಗೆದುಕೊಂಡು ಹೋಗಿ ಕೌಂಟರಿನಲ್ಲಿ ತೋರಿಸಿ.

ಸಿಇಟಿ ಅರ್ಜಿ ಹಾಕುವಾಗ ಆದ ಪಾಡು ಬೇರೆ. ಜಾತಿ ಆದಾಯ ಪ್ರಮಾಣ ಪತ್ರದ ಮೇಲೆ ಆರ್‌ಡಿ ಅಂತ ಶುರುವಾಗುವ ನಂಬರ್ ಇರುತ್ತದೆ. ಅದನ್ನು ಹಾಕಿದ ಕೂಡಲೇ ಕಂಪ್ಯೂಟರ್ ನಿಮ್ಮ ಹೆಸರನ್ನು ಎಸ್ಸೆಸ್ಸೆಲ್ಸಿ ಹೆಸರಿನ ಜೊತೆ ಹೋಲಿಸಿ ನೋಡುತ್ತದೆ. ನನ್ನ ಜಾತಿ ಪತ್ರದಲ್ಲಿ ಹೆಸರಿನ ಮುಂದೆ 'ಅಮ್ಮ' ಅಂತ ಸೇರಿತ್ತು, ಅಂಕಪಟ್ಟಿಯಲ್ಲಿ ಇರಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳ ಹೆಸರಿಗೆ ಅಮ್ಮ ಸೇರಿಸಿ ಬರೆಯುವುದು ರೂಢಿ. ಆ ಎರಡಕ್ಷರಕ್ಕೆ ಹೊಸ ಜಾತಿ ಪತ್ರ ಮಾಡಿಸಬೇಕಾಯಿತು. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪತ್ರದಲ್ಲೂ ಅದೇ ತೊಂದರೆ. ಅದು ಸಹಾಯಕ ಆಯುಕ್ತರ ಕಚೇರಿಯಿಂದ ಬರುವುದು, ಇನ್ನೂ ತಡ. ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳು ಈ ಪತ್ರವನ್ನು ಯಾವ ಕಾರಣಕ್ಕೂ ಬಿಡಬೇಡಿ. ಇಲ್ಲಿನ ಕಾಲೇಜುಗಳಲ್ಲಿ 70% ಸೀಟು ಈ ಭಾಗದವರಿಗೇ ಇರುತ್ತದೆ. ಹೆಸರು, ಅಪ್ಪನ ಹೆಸರು, ಇನಿಷಿಯಲ್ ಎಲ್ಲ ಕಾಗದದಲ್ಲೂ ಅಂಕಪಟ್ಟಿಯಲ್ಲಿ ಇದ್ದ ಹಾಗೆಯೇ ಇರಲಿ.

ಈಗ ಆ 4ನೇ ತರಗತಿಯ ಮಾತು. ಗ್ರಾಮೀಣ ಕೋಟಾ ಸಿಗಬೇಕಾದರೆ 1ರಿಂದ 10ನೇ ತರಗತಿವರೆಗೆ ಪೂರ್ತಿ 10 ವರ್ಷ ಹಳ್ಳಿಯಲ್ಲೇ ಓದಿರಬೇಕು. ನಾನು 9 ವರ್ಷ ಓದಿದ್ದೆ. ಒಂದು ವರ್ಷ ಬೆಂಗಳೂರು. ಅಲ್ಲಿ ನಮಗೆ ಕರೆಂಟ್ ಇರಲಿಲ್ಲ, ನೀರು ಟ್ಯಾಂಕರ್‌ನದು, ಶಾಲೆಯಿಂದ ಬಂದು ತಮ್ಮನನ್ನು ಎತ್ತಿಕೊಂಡು ಇಟ್ಟಿಗೆ ರಾಶಿ ಹತ್ತಿರ ಕೂರುತ್ತಿದ್ದೆ. ಆದರೆ ಕಾಗದದ ಪ್ರಕಾರ ಆ ವರ್ಷ ನಾನು ನಗರದ ವಿದ್ಯಾರ್ಥಿನಿ. ಸೈಬರ್ ಸೆಂಟರ್‌ನವನು "ಗ್ರಾಮೀಣ ಅಂತ ಯೆಸ್ ಹಾಕ್ಬಿಡು, ಯಾರು ನೋಡ್ತಾರೆ" ಅಂದ. ಹಾಕಲಿಲ್ಲ. ಶಾಲೆಯ ಎಸ್‌ಎಟಿಎಸ್ ನಂಬರ್‌ನಲ್ಲಿ ಎಲ್ಲಾ ದಾಖಲೆ ಇರುತ್ತದೆ, ಸುಳ್ಳು ಹಾಕಿದರೆ ಇರುವುದೂ ಹೋಗುತ್ತದೆ. ಆ ದಿನ ಹಾಸ್ಟೆಲ್‌ಗೆ ಬಂದು ಊಟ ಮಾಡದೆ ಮಲಗಿದೆ. ಬಡತನ ಮನುಷ್ಯನನ್ನು ಗಟ್ಟಿ ಮಾಡುತ್ತದೆ ಅಂತ ಭಾಷಣದಲ್ಲಿ ಹೇಳುತ್ತಾರೆ. ನನ್ನನ್ನು ಗಟ್ಟಿ ಮಾಡಿದ್ದು ನಿಜ. ಆದರೆ ಅದೇ ಬಡತನ, ಗುಳೆ ಹೋದ ತಪ್ಪಿಗೆ, ನನಗೆ ಸಿಗಬೇಕಿದ್ದ ಒಂದು ಹಕ್ಕನ್ನೂ ಕಿತ್ತುಕೊಂಡಿತು. ಎರಡನ್ನೂ ಹೇಳದಿದ್ದರೆ ಅರ್ಧ ಸತ್ಯವಾಗುತ್ತದೆ. ನೀವು ಗುಳೆ ಹೋಗುವುದೇ ಆದರೆ, ಆಗುವುದಿದ್ದರೆ ಮಕ್ಕಳನ್ನು ಊರಲ್ಲೋ, ಹಳ್ಳಿಯ ವಸತಿ ಶಾಲೆಯಲ್ಲೋ ಬಿಟ್ಟು ಹೋಗಿ ಅಂತ ತಾಯಂದಿರಿಗೆ ಕೈಮುಗಿದು ಕೇಳುತ್ತೇನೆ.

ಕನ್ನಡ ಮಾಧ್ಯಮದ ಕೋಟಾ ಮಾತ್ರ ಉಳಿಯಿತು. ಬೆಂಗಳೂರಿನ ಶಾಲೆಯೂ ಕನ್ನಡ ಮಾಧ್ಯಮವೇ. ಆ ಒಂದು ವರ್ಷದ ವ್ಯಾಸಂಗ ಪತ್ರಕ್ಕೆ ಅಪ್ಪ ಕೆಲಸ ಬಿಟ್ಟು ಮೂರು ದಿನ ಓಡಾಡಿದರು. ಹೆಡ್‌ಮಾಸ್ಟರ್ ಸಹಿ ಆದ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಬೇಕು ಅಂದರು. ಒಂದಕ್ಕಿಂತ ಜಾಸ್ತಿ ಶಾಲೆಯಲ್ಲಿ ಓದಿದ್ದರೆ ಪ್ರತಿ ಶಾಲೆಯ ಪತ್ರವನ್ನೂ ಪಿಯುಸಿ ಸೇರಿದ ವರ್ಷವೇ ತೆಗೆಸಿಟ್ಟುಕೊಳ್ಳಿ.

ಸಿಇಟಿ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದನ್ನು ಎಲ್ಲರೂ ಹೇಳುತ್ತಾರೆ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಡಿಯುವುದಿಲ್ಲ. ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಕೋಚಿಂಗ್‌ಗೆ ಹೋಗಲು ನನ್ನಲ್ಲಿ ದುಡ್ಡಿರಲಿಲ್ಲ. ಸೀನಿಯರ್ ಅಕ್ಕ ಕೊಟ್ಟ ಹಳೆಯ ಪ್ರಶ್ನೆಪತ್ರಿಕೆಗಳನ್ನು ಪೆನ್ಸಿಲ್‌ನಲ್ಲಿ ಬಿಡಿಸಿ, ಅಳಿಸಿ, ಮತ್ತೆ ಬಿಡಿಸಿದೆ. ಕಾಗದ ತೂತಾಗುವಷ್ಟು ಸಲ.

ಪರೀಕ್ಷೆ ಮುಗಿದ ಮೇಲೆ ಊರಿಗೆ ಹೋದೆ. ರಿಸಲ್ಟ್‌ವರೆಗಿನ ಕಾಯುವಿಕೆ ಬಹಳ ಕೆಟ್ಟದ್ದು. ಗೆಳತಿಯರು ಫೋನ್‌ನಲ್ಲಿ ಕೀ ಉತ್ತರ ನೋಡಿ ಅಳುತ್ತಿದ್ದರು, ನಗುತ್ತಿದ್ದರು. ನಾನು ಅವ್ವನ ಜೊತೆ ಹೊಲದಲ್ಲಿ ಹತ್ತಿಕಟ್ಟಿಗೆ ಆರಿಸುತ್ತಿದ್ದೆ. ಅಲ್ಲೇ ಒಂದು ಕೆಲಸ ಮಾಡಿದೆ. ಹಳೆ ಬೆಂಕಿಪೆಟ್ಟಿಗೆಗಳಲ್ಲಿ ಊರಿನ ಎಲ್ಲಾ ಮನೆಗಳಿಂದ ಬೀಜ ಕೂಡಿಸಿದೆ. ಸಜ್ಜೆ, ನವಣೆ, ಹೆಸರು, ಅಲಸಂದೆ, ಮಡಿಕೆ, ಹುರುಳಿ, ಅಗಸಿ, ಕುಸುಬೆ, ಗುರೆಳ್ಳು. ನಮ್ಮ ಹೊಲದಲ್ಲಿ ಬೆಳೆಯದ್ದನ್ನೂ ಸೇರಿಸಿದೆ. ರಾಗಿ, ಅಡಿಕೆ, ಮೆಣಸು, ಏಲಕ್ಕಿ. ಪರೀಕ್ಷೆ ಇಡೀ ರಾಜ್ಯದ್ದು, ನಮ್ಮ ಊರಿನದಲ್ಲ ಅನ್ನುವುದನ್ನು ಮರೆಯಬೇಡಿ. ಮಲೆನಾಡಿನ ಬೆಳೆಯನ್ನು ನಾನು ಕಿರಾಣಿ ಅಂಗಡಿಯ ಡಬ್ಬಿಯಲ್ಲಿ ನೋಡಿದ್ದು ಬಿಟ್ಟರೆ ಗಿಡ ನೋಡಿರಲಿಲ್ಲ. ಅದಕ್ಕೆ ಫೋಟೋ ನೋಡಿ ಎಲೆ ಗುರುತು ಮಾಡಿಕೊಂಡೆ. ರಾತ್ರಿ ಅಜ್ಜಿ ಕಣ್ಣು ಮುಚ್ಚು ಅನ್ನುತ್ತಿದ್ದಳು. ಅಂಗೈಗೆ ಬೀಜ ಹಾಕಿ ಯಾವುದು ಹೇಳು ಅನ್ನುತ್ತಿದ್ದಳು.

ಪ್ರಾಯೋಗಿಕ ಪರೀಕ್ಷೆಯ ದಿನ ಬೆಳಗ್ಗೆ 5ರ ಬಸ್ಸಿಗೆ ನಾನು, ಅವ್ವ ಹೊರಟೆವು. ಮೊದಲು ಕಾಗದ ಪರಿಶೀಲನೆ. ಸಾಲು ಉದ್ದ ಇತ್ತು, ಕೆಲವರ ಪಹಣಿ ಇನ್ನೂ ಸತ್ತುಹೋದ ತಾತನ ಹೆಸರಲ್ಲೇ ಇತ್ತು. ಅವರು ಫೋನ್ ಹಿಡಿದುಕೊಂಡು ಊರಿಗೆ ಕರೆ ಮಾಡುತ್ತಿದ್ದುದನ್ನು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಅದು ನಾನೇ ಆಗಿರಬೇಕಿತ್ತು. ಮೇಡಂ ಆ ದಿನ ಕೇಳದೆ ಇದ್ದಿದ್ದರೆ ನಾನೂ ಅಲ್ಲೇ ನಿಂತಿರುತ್ತಿದ್ದೆ.

ಒಳಗೆ ಟೇಬಲ್‌ಗಳ ಮೇಲೆ ನಂಬರ್ ಹಾಕಿ ವಸ್ತುಗಳನ್ನು ಸಾಲಾಗಿ ಇಟ್ಟಿದ್ದರು. ಒಂದೊಂದರ ಮುಂದೆ ಸ್ವಲ್ಪ ಹೊತ್ತು, ಆಮೇಲೆ ಮುಂದಕ್ಕೆ. ಮೊದಲ ಎರಡರ ಹತ್ತಿರ ನನಗೆ ಏನೂ ಕಾಣಲಿಲ್ಲ, ಕಣ್ಣು ಕತ್ತಲೆ ಬಂದ ಹಾಗಾಯಿತು. ಮೂರನೆಯದು ಸಾಲುಗಳ ನಡುವೆ ಕಳೆ ತೆಗೆಯುವ ಎಡೆಕುಂಟೆ. ಆ ಕಬ್ಬಿಣದ ಅಲಗನ್ನು ನೋಡಿದ ಕೂಡಲೇ ಉಸಿರು ಸರಿಯಾಯಿತು. ನಮ್ಮ ಮನೆಯಲ್ಲಿ ಅಂಥದೇ ಒಂದು ಗೋಡೆಗೆ ಆನಿಸಿ ಇಟ್ಟಿದ್ದೇವೆ. ಆಮೇಲೆ ಜೇಕು ಅನ್ನುವ ಕಳೆಯ ಗಡ್ಡೆ. ಅದನ್ನು ಕಿತ್ತು ಕಿತ್ತು ನನ್ನ ಬೆರಳ ಸಂದಿ ಒಡೆದಿದೆ. ಬಿಳಿ ಪುಡಿಗಳಲ್ಲಿ ಯೂರಿಯಾ ಯಾವುದು ಅಂತ ಕಾಳಿನ ಗುಂಡಗಿನ ಆಕಾರದಿಂದಲೇ ಗೊತ್ತಾಯಿತು. ಒದ್ದೆ ಕೈಯಲ್ಲಿ ಹಿಡಿದರೆ ಅದು ತಣ್ಣಗಾಗುತ್ತದೆ, ಚೀಲ ಹೊತ್ತವರಿಗೆಲ್ಲ ಗೊತ್ತು. ಒಂದು ತಟ್ಟೆಯಲ್ಲಿ ಕೊರೆದ ಹತ್ತಿ ಕಾಯಿ, ಒಳಗೆ ಸಣ್ಣ ಗುಲಾಬಿ ಹುಳ. ಗುಲಾಬಿ ಕಾಯಿಕೊರಕ. ಅದು ನಮ್ಮ ಒಂದು ವರ್ಷದ ಬೆಳೆಯನ್ನೇ ತಿಂದು ಹಾಕಿತ್ತು. ಆ ವರ್ಷವೇ ಅವ್ವನ ಕಿವಿಯ ಓಲೆ ಅಡವಿಗೆ ಹೋದದ್ದು. ಹೆಸರು ಬರೆಯುವಾಗ ಕೈ ಸ್ವಲ್ಪ ಜೋರಾಗಿಯೇ ಒತ್ತಿತು. ಎರಡು ತಪ್ಪಾಯಿತು ಅಂತ ಹೊರಗೆ ಬಂದ ಮೇಲೆ ಗೊತ್ತಾಯಿತು. ಒಂದು ಎಲೆ, ಒಂದು ತೋಟಗಾರಿಕೆ ಸಲಕರಣೆ. ನಾನು ಮುಟ್ಟದೆ ಬೆಳೆದ ವಸ್ತುಗಳು ಅವು.

ಇಲ್ಲಿಂದ ಮುಂದಿನದು ಮೊಬೈಲ್ ಮುಂದೆ ಕೂರುವ ಕೆಲಸ. ಆಪ್ಷನ್ ಎಂಟ್ರಿಯಲ್ಲಿ ಕಾಲೇಜುಗಳನ್ನು ನಿಮಗೆ ಬೇಕಾದ ಕ್ರಮದಲ್ಲಿ ಹಾಕಬೇಕು. ಸಿಗುತ್ತೋ ಇಲ್ಲವೋ ಅಂತ ಹೆದರಿ ಇಷ್ಟದ ಕಾಲೇಜನ್ನು ಕೆಳಗೆ ಹಾಕಬೇಡಿ. ಮೇಲೆ ಹಾಕಿದರೆ ನಷ್ಟವಿಲ್ಲ. ಮೊದಲು ಅಣಕು ಹಂಚಿಕೆ ಬರುತ್ತದೆ, ಅದು ಬರೀ ಅಂದಾಜು. ಅದನ್ನು ನೋಡಿ ಕ್ರಮ ಬದಲಿಸಲು ಅವಕಾಶ ಇರುತ್ತದೆ. ನನಗೆ ಮೊದಲ ಸುತ್ತಿನಲ್ಲಿ ಭೀಮರಾಯನಗುಡಿ ಕೃಷಿ ಕಾಲೇಜು ಬಂತು. ಅವ್ವನಿಗೆ ಖುಷಿ. ನನಗೆ ರಾಯಚೂರೇ ಬೇಕಿತ್ತು, ಅಜ್ಜಿಗೆ ಹುಷಾರಿಲ್ಲದಾಗ ಬೇಗ ಊರು ಮುಟ್ಟಬಹುದು ಅಂತ. ಚಾಯ್ಸ್ 2 ಒತ್ತಿದೆ. ಅಂದರೆ ಈ ಸೀಟು ಇರಲಿ, ಮೇಲಿನದು ಸಿಕ್ಕರೆ ಕೊಡಿ ಅಂತ. ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಹಳೆಯದು ತಾನಾಗಿ ಹೋಗುತ್ತದೆ, ಅದನ್ನು ತಿಳಿದುಕೊಂಡೇ ಒತ್ತಿ. ಶುಲ್ಕ ಯಾವಾಗ ಕಟ್ಟಬೇಕು ಅನ್ನುವ ನಿಯಮವನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ಓದಿ, ಗೆಳೆಯರು ಹೇಳಿದ್ದನ್ನು ನಂಬಬೇಡಿ. ಕೊನೆಯ ದಿನ ಕೊನೆಯ ಗಂಟೆಗೆ ಬಿಡಬೇಡಿ. ನಮ್ಮೂರಲ್ಲಿ ಅವತ್ತು ಕರೆಂಟ್ ಹೋಗಿ, ನಾನು ಗುಡಿಯ ಹತ್ತಿರ ಸಿಗ್ನಲ್ ಹುಡುಕುತ್ತಾ ನಿಂತದ್ದನ್ನು ನೆನೆದರೆ ಈಗಲೂ ಕೈ ಬೆವರುತ್ತದೆ. ಎರಡನೇ ಸುತ್ತಿನಲ್ಲಿ ರಾಯಚೂರು ಬಂತು.

ದುಡ್ಡಿನ ಲೆಕ್ಕ ಎಲ್ಲರೂ ಕೇಳುತ್ತಾರೆ. ಮರಣ ಪತ್ರ, ನೋಟರಿ, ಅಫಿಡವಿಟ್‌ಗೆ 3,200. ಝೆರಾಕ್ಸ್, ಫೋಟೋ, ಸೈಬರ್ ಸೆಂಟರ್ 900. ಅಪ್ಪನ ಬಸ್ ಚಾರ್ಜು 1,600. ಹೊರಗಿನ ಚಹಾ, ಊಟ 500. ಒಟ್ಟು 6,200. ನನಗೆ, ಅವ್ವನಿಗೆ ಬಸ್ಸು ಶಕ್ತಿ ಯೋಜನೆಯಲ್ಲಿ ಉಚಿತ, ಆಧಾರ್ ತೋರಿಸಿದರೆ ಸಾಕು. ಅದು ಇಲ್ಲದಿದ್ದರೆ ಅರ್ಧ ದಾರಿಯಲ್ಲೇ ಕೈಬಿಡುತ್ತಿದ್ದೆವು. ಆದರೆ ಈ 6,200 ಪೂರ್ತಿ ಲೆಕ್ಕ ಅಲ್ಲ. ಅವ್ವ ನನ್ನ ಜೊತೆ 11 ಸಲ ಬಂದಳು, ದಿನಕ್ಕೆ 300ರಂತೆ 3,300 ಕೂಲಿ ಹೋಯಿತು. ಅಪ್ಪನಿಗೆ ಊರಿಗೆ ಬಂದ ಮೂರು ದಿನ, ಶಾಲೆಗೆ ಅಲೆದ ಮೂರು ದಿನ ಸೇರಿ 6 ದಿನದ 4,500 ಹೋಯಿತು. ಕೈಯಿಂದ ಕೊಟ್ಟಿದ್ದಕ್ಕಿಂತ ಕೈಗೆ ಬಾರದೆ ಹೋದದ್ದೇ ಜಾಸ್ತಿ. ಒಂದು ಸಹಿಗೆ "ನಾಳೆ ಬಾ" ಅಂದರೆ ನಮ್ಮ ಮನೆಯಲ್ಲಿ ಒಂದು ದಿನದ ಒಲೆ ಅಷ್ಟು ಸಣ್ಣದಾಗುತ್ತದೆ. ಕಾಲೇಜಿನ ಶುಲ್ಕಕ್ಕೆ ಅವ್ವ ಗೃಹಲಕ್ಷ್ಮಿಯ 2,000ವನ್ನು ಬಂದಾಗೆಲ್ಲ ಮುಟ್ಟದೆ ಇಟ್ಟಿದ್ದಳು, 6 ಕಂತು. ಉಳಿದದ್ದು ಸಂಘದ ಸಾಲ. ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದ್ದೇನೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಮೊದಲೇ ನೋಡಿಕೊಳ್ಳಿ, ಅದಿಲ್ಲದೆ ದುಡ್ಡು ಬರುವುದಿಲ್ಲ.

ಸೋಮವಾರ ಅಡ್ಮಿಷನ್ ಕೌಂಟರಿನಲ್ಲಿ ಒಂದೊಂದೇ ಕಾಗದ ಕೊಟ್ಟೆ. ಮೇಜಿನ ಆ ಕಡೆ ಕೂತವರು ಯಾವುದನ್ನೂ ವಾಪಸ್ ತಳ್ಳಲಿಲ್ಲ. 13 ತಿಂಗಳಲ್ಲಿ ಅದು ಮೊದಲ ಸಲ. ಅವ್ವ ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ನಿಂತಿದ್ದಳು. ಒಳಗೆ ಚಪ್ಪಲಿ ಹಾಕಿಕೊಂಡು ಬರಬಹುದು ಅಂತ ಹೇಳಿದರೂ ಹಾಕಿಕೊಳ್ಳಲಿಲ್ಲ.

ಹಾಸ್ಟೆಲ್‌ಗೆ ಹೋಗುವ ದಾರಿಯಲ್ಲಿ ಒಂದು ಹತ್ತಿ ಪ್ಲಾಟ್ ಇದೆ. ಅವ್ವ ನಿಂತುಬಿಟ್ಟಳು. "ಎಷ್ಟು ದೂರ ದೂರ ಹಚ್ಚ್ಯಾರ ನೋಡು" ಅಂದಳು. ಬೋರ್ಡ್ ಮೇಲೆ ಸಾಲಿನಿಂದ ಸಾಲಿಗೆ 90 ಸೆಂಟಿಮೀಟರ್ ಅಂತ ಇತ್ತು. ಅವ್ವನಿಗೆ ಅದು ಗೊತ್ತಿಲ್ಲ. ಬಗ್ಗಿ, ನೆಲದ ಮೇಲೆ ಗೇಣು ಹಾಕಿ ಅಳೆದಳು. "ನಾಲ್ಕು ಗೇಣು" ಅಂದಳು. ನಾನು ಬೋರ್ಡ್ ಓದಿ ಹೇಳಿದೆ. ಅವಳು ಕೈಗೆ ಹತ್ತಿದ ಕಪ್ಪು ಮಣ್ಣನ್ನು ಸೆರಗಿಗೆ ಒರೆಸಿಕೊಂಡು, "ನಮ್ಮ ಹೊಲದಾಗ ಮುಂದಿನ ವರ್ಷ ಹಿಂಗ ಹಚ್ಚೂಣು, ನೀ ಕೇಳ್ಕೊಂಡು ಬಾ" ಅಂದಳು. 5 ಗಂಟೆಯ ಬಸ್ಸಿಗೆ ಹೋದಳು. ಮರುದಿನ ಕಳೆ ತೆಗೆಯುವ ಕೂಲಿ ಇತ್ತು.